ಸೊಲ್ಲು ಹಿಡಿಯುವವರು ಯಾರು? ಶಿರಾ ಸೀಮೆಯ ಒಂದು ಸ್ಟ್ರಿಂಗ್ ಕ್ವಾರ್ಟೆಟ್‌ನ ಪ್ರಕರಣ

ಹಿನ್ನೆಲೆ

ತುಮಕೂರು ಜಿಲ್ಲೆಯ ಶಿರಾ ಸೀಮೆಯ ಮೂಲದವರಾಗಿದ್ದು ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಸಂಯೋಜನೆಯನ್ನು ಕಲಿತ ಯುವಕರೊಬ್ಬರು, ಪಶುಪಾಲಕ ಸಮುದಾಯವಾದ ಕಾಡುಗೊಲ್ಲರ ವೀರದೈವ ಜುಂಜಪ್ಪನ ಕಥನದಿಂದ ಪ್ರೇರಣೆ ಪಡೆದು ಎರಡು ಪಿಟೀಲು, ಪಿಟೀಲಿಗಿಂತ ತಗ್ಗಿನ ದನಿಯ ಒಂದು ವಯೋಲಾ, ಅದಕ್ಕೂ ತಗ್ಗಿನ ದನಿಯ ಒಂದು ಚೆಲ್ಲೊಗಾಗಿ ಸ್ಟ್ರಿಂಗ್ ಕ್ವಾರ್ಟೆಟ್ ಒಂದನ್ನು, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿಯೊಂದನ್ನು, ಬರೆದ ಪ್ರಕರಣವಿದು. ಧ್ವನಿಮುದ್ರಣ ಮತ್ತು ದಾಖಲಾತಿಯ ಕೆಲಸ ನನ್ನ ಪಾಲಿಗಿದ್ದುದರಿಂದ ಕೃತಿಯ ಮೊದಲ ಕರಡಿನಿಂದ ಎರಡನೆಯ ಪ್ರದರ್ಶನದವರೆಗೆ ನಡೆದುದನ್ನು ಹತ್ತಿರದಿಂದ ನೋಡಿದ್ದೇನೆ. ಸಂಯೋಜಕರ ಹೆಸರು, ಹಟ್ಟಿಯ ಹೆಸರು, ವಾದಕರ ಹೆಸರು ಮತ್ತು ವರ್ಷಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಗುರುತು ಹಿಡಿಯಲು ನೆರವಾಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಶಿರಾ, ಚಿಕ್ಕನಾಯಕನಹಳ್ಳಿ, ಪಾವಗಡದ ಕಡೆಯಿಂದ ಚಿತ್ರದುರ್ಗ ಜಿಲ್ಲೆಯವರೆಗೆ ಹರಡಿರುವ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪ ಬರಿಯ ಕಥೆಯ ನಾಯಕನಲ್ಲ. ದನ ಕಾಯುತ್ತ, ಗಣೆ ಊದುತ್ತ ಬೆಳೆದು, ಬಂಧುಗಳ ಮೋಸಕ್ಕೆ ಸಿಕ್ಕಿ ವಿಷವುಂಡು ಸತ್ತು ದೈವವಾದವನು ಅವನು. ಅವನ ಮೆಚ್ಚಿನ ಹೋರಿ ಬಡಮೈಲನ ಹೆಸರು ಹಟ್ಟಿಯ ಮಕ್ಕಳಿಗೂ ಗೊತ್ತು. ಹಾವು ಚೇಳಿನ ಭಯವಾದಾಗ ಅವನನ್ನು ನೆನೆಯುವ ರೂಢಿ ಇಂದಿಗೂ ಇದೆ, ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಒಕ್ಕಲುಗಳು ನಡೆದುಕೊಳ್ಳುತ್ತಾರೆ. ಕಥನವನ್ನು ಹಾಡುವವರ ಕೈಯಲ್ಲಿರುವುದು ಗಣೆ, ಅಂದರೆ ಉದ್ದನೆಯ ಬಿದಿರಿನ ಕೊಳವೆ. ಊದುವಾಗ ಸ್ವರದ ಜೊತೆಗೆ ಗಾಳಿಯ ಸದ್ದೂ ಅಷ್ಟೇ ದಟ್ಟವಾಗಿ ಕೇಳುತ್ತದೆ. ಊದುವ ಬಾಯಿಯೇ ಹಾಡಬೇಕಾದ್ದರಿಂದ ಗಣೆ ಮತ್ತು ಹಾಡು ಒಂದಾದ ಮೇಲೆ ಒಂದು ಬರುತ್ತವೆ, ಮುಂದಿನವರು ಹಾಡಿದ ಸಾಲನ್ನು ಹಿಂದಿನವರು ಹಿಡಿದು ತುಂಬುತ್ತಾರೆ, ಸೊಲ್ಲು ಹಿಡಿಯುವುದೆಂದರೆ ಇದೇ.

ಸಂಯೋಜಕರು ಇದೇ ಸಮುದಾಯದಲ್ಲಿ ಹುಟ್ಟಿದವರು. ತಂದೆ ಸರ್ಕಾರಿ ಕೆಲಸಕ್ಕೆಂದು ತುಮಕೂರು ನಗರದ ಬಡಾವಣೆಯೊಂದರಲ್ಲಿ ನೆಲೆಸಿದ ಮೇಲೆ ಮನೆಯಲ್ಲಿ ಹಟ್ಟಿಯ ಮಾತೇ ಅಪರೂಪವಾಯಿತು. ಹುಡುಗನಿಗೆ ಕರ್ನಾಟಕ ಸಂಗೀತದ ಪಿಟೀಲು ಕಲಿಸಿದರು, ಜುಂಜಪ್ಪನ ಹಾಡನ್ನು ಕೇಳಿಸಲಿಲ್ಲ. ಹೀಗಾಗಿ ಅವರು ಹಟ್ಟಿಗೆ ಹೋದಾಗ ಎದುರಾದ ಮೊದಲ ಪ್ರಶ್ನೆ ಸಂಗೀತಕ್ಕೆ ಸೇರಿದ್ದಾಗಿರಲಿಲ್ಲ. "ಯಾರ ಪೈಕಿಯಪ್ಪ ನೀನು? ಯಾವ ಬೆಡಗು, ಯಾವ ಕಟ್ಟೆಮನೆ?" ಎಂದು ಹಿರಿಯ ಗಣೆಗಾರರು ಕೇಳಿದರು. ಸಂಯೋಜಕರು ತಾತನ ಹೆಸರು ಹೇಳಿದ ಮೇಲಷ್ಟೇ ಮಾತು ಮುಂದುವರಿಯಿತು. ಹೊರಗಿನವರಿಗೆ ಸಿಗದ ಸಲುಗೆ ಅವರಿಗೆ ಇದರಿಂದ ಸಿಕ್ಕಿತು. ಹೊರಗಿನವರಿಗಿಲ್ಲದ ಜವಾಬ್ದಾರಿಯೂ ಅದರ ಜೊತೆಗೇ ಬಂತು ಎಂಬುದು ಆಮೇಲೆ ಗೊತ್ತಾಯಿತು. ಸಮುದಾಯದವರೇ ಬರೆದರೆ ಒಪ್ಪಿಗೆಯ ಪ್ರಶ್ನೆ ಹುಟ್ಟುವುದಿಲ್ಲ ಎಂಬ ನಂಬಿಕೆ ನಮ್ಮ ಸಾಂಸ್ಕೃತಿಕ ವಲಯದಲ್ಲಿ ಸಾಮಾನ್ಯವಾಗಿದೆ. ಈ ಪ್ರಕರಣ ಅದನ್ನು ಸಮರ್ಥಿಸುವುದಿಲ್ಲ.

ಮೊದಲ ಕರಡು ಮತ್ತು ಅದರ ತೊಡಕು

ಮೊದಲ ಕರಡು ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದಿತ್ತು. ಧ್ವನಿಮುದ್ರಿಸಿಕೊಂಡ ಗಣೆಯ ಧಾಟಿಯನ್ನು ಸ್ವರಲಿಪಿಗೆ ಇಳಿಸಿ ಮೊದಲ ಪಿಟೀಲಿಗೆ ಕೊಟ್ಟು, ಉಳಿದ ಮೂರು ವಾದ್ಯಗಳಲ್ಲಿ ಅದಕ್ಕೆ ಸ್ವರಮೇಳದ ಹಾಸು ಹಾಸಲಾಗಿತ್ತು. ಜಾನಪದ ಸಂಗೀತವನ್ನು ಕಲಾಸಂಗೀತಕ್ಕೆ ತರುವವರು ಮೊದಲು ಇಲ್ಲಿಂದಲೇ ಹೊರಡುತ್ತಾರೆ. 20ನೇ ಶತಮಾನದ ಮೊದಲ ದಶಕದಿಂದ ಫೋನೋಗ್ರಾಫ್ ಹೊತ್ತು ಹಂಗೇರಿ, ರೊಮೇನಿಯಾದ ಹಳ್ಳಿಗಳನ್ನು ಸುತ್ತಿದ ಬೇಲಾ ಬಾರ್ಟೋಕ್, ಹಳ್ಳಿಯ ಧಾಟಿಯನ್ನು ಎತ್ತಿಕೊಂಡು ಹಿನ್ನೆಲೆ ಕೂಡಿಸುವುದು, ಅದರಂತೆಯೇ ಇನ್ನೊಂದನ್ನು ಕಟ್ಟುವುದು, ಧಾಟಿಯನ್ನು ಎಲ್ಲೂ ಬಳಸದೆ ಅದರ ನುಡಿಗಟ್ಟನ್ನೇ ಮೈಗೂಡಿಸಿಕೊಳ್ಳುವುದು ಎಂದು ಮೂರು ಬಗೆಗಳನ್ನು ಬಿಡಿಸಿ ಹೇಳಿದ್ದರು. ಸಂಯೋಜಕರಿಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೂ ಆರಂಭದಲ್ಲಿ ಧಾಟಿಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ, ಏಕೆಂದರೆ ಧಾಟಿಯನ್ನು ಬಿಟ್ಟರೆ ಕೃತಿಯಲ್ಲಿ ತನ್ನ ಹಟ್ಟಿಯ ಗುರುತೇನು ಉಳಿಯುತ್ತದೆ ಎಂಬ ಅಳುಕು ಅವರಿಗಿತ್ತು.

ತೊಡಕು ಗಾಂಧಾರದಲ್ಲಿ ಕಾಣಿಸಿಕೊಂಡಿತು. ಸಪ್ತಸ್ವರಗಳಲ್ಲಿ ಮೂರನೆಯದಾದ ಗಾಂಧಾರಕ್ಕೆ ಸಾಧಾರಣ ಎಂಬ ತಗ್ಗಿನ ಜಾಗವೂ ಅಂತರ ಎಂಬ ಎತ್ತರದ ಜಾಗವೂ ಇವೆ. ಆ ಗಣೆಯ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ. ಎರಡರ ನಡುವೆ ನಿಲ್ಲುತ್ತಿತ್ತು. ಒಂದು ಸ್ಥಾಯಿಯನ್ನು 1200 ಸೆಂಟ್‌ಗಳೆಂದು ಎಣಿಸಿ ಹನ್ನೆರಡು ಸಮ ಮೆಟ್ಟಿಲುಗಳಾಗಿ ಹಂಚುವ ಸಮಶ್ರುತಿಯ ಲೆಕ್ಕದಲ್ಲಿ ಒಂದು 300 ಸೆಂಟ್‌ಗಳಲ್ಲಿದ್ದರೆ ಇನ್ನೊಂದು 400ರಲ್ಲಿರುತ್ತದೆ, ಗಣೆಯ ಸ್ವರ ಈ ಎರಡು ಮೆಟ್ಟಿಲುಗಳಲ್ಲಿ ಯಾವುದರ ಮೇಲೂ ಕೂರುತ್ತಿರಲಿಲ್ಲ. ಒಂಟಿ ಪಿಟೀಲಿಗೆ ಇದು ಕಷ್ಟವಲ್ಲ, ಮೆಟ್ಟಿಲಿಲ್ಲದ ವಾದ್ಯ ಎಲ್ಲಿ ಬೇಕಾದರೂ ನಿಲ್ಲಬಲ್ಲದು. ಆದರೆ ಅದರ ಕೆಳಗೆ ವಯೋಲಾ ಮತ್ತು ಚೆಲ್ಲೊ ಸ್ವರಮೇಳ ಹಿಡಿದ ಕೂಡಲೇ ಆ ಮೇಳ ಮೇಜರ್ (ಎತ್ತರದ ಗಾಂಧಾರದ್ದು) ಇಲ್ಲವೇ ಮೈನರ್ (ತಗ್ಗಿನ ಗಾಂಧಾರದ್ದು) ಆಗಲೇಬೇಕು, ಗಾಂಧಾರ ಯಾವುದಾದರೊಂದು ಕಡೆಗೆ ವಾಲಲೇಬೇಕು. ತಾಲೀಮಿನಲ್ಲಿ ವಾದಕರು ತಮಗರಿವಿಲ್ಲದಂತೆಯೇ ಅದನ್ನು ಅಂತರ ಗಾಂಧಾರಕ್ಕೆ ಎಳೆದುಕೊಂಡರು, ಧಾಟಿ ಸಿನಿಮಾದ ಹಳ್ಳಿಗೀತೆಯ ಹಾಗೆ ಇಂಪಾಯಿತು. ಇಂಪಾದದ್ದೇ ಅನುಮಾನಕ್ಕೆ ಕಾರಣವಾಯಿತು.

ಕರಡಿನ ಧ್ವನಿಮುದ್ರಣವನ್ನು ಹಟ್ಟಿಯ ಹಿರಿಯರಿಗೆ ಕೇಳಿಸಲಾಯಿತು. ನಾವು ಶ್ರುತಿಯ ಆಕ್ಷೇಪಣೆಯನ್ನು ನಿರೀಕ್ಷಿಸಿದ್ದೆವು. ಗಣೆಗಾರರು ಶ್ರುತಿಯ ಮಾತೇ ಎತ್ತಲಿಲ್ಲ. ಪ್ರತಿ ಗಣೆಯೂ ಮಾಡಿದವನ ಬೆರಳಿನ ಅಳತೆಗೆ ತಕ್ಕಂತೆ ಇರುವುದರಿಂದ ಸ್ವರ ಒಂದಿಷ್ಟು ಆಚೀಚೆಯಾಗುವುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಅವರು ಕೇಳಿದ್ದು ಬೇರೆ: "ಸಾಲು ಅರ್ಧಕ್ಕೇ ನಿಂತೋಯ್ತಲ್ಲಪ್ಪ. ಸೊಲ್ಲು ಹಿಡಿಯೋರು ಎಲ್ಲವ್ರೆ?"

ಪ್ರಕರಣದ ಮೊದಲ ತಿರುವು ಇದೇ. ಸಂಯೋಜಕರು ಸ್ವರಲಿಪಿಗೆ ಇಳಿಸಿದ್ದು ಮುಂದಿನವರ ಸಾಲನ್ನು ಮಾತ್ರ. ಹಿಂದಿನವರು ಹಿಡಿಯುವ ಬಾಲವನ್ನು ಬರಿಯ ಪುನರಾವರ್ತನೆಯೆಂದು ಭಾವಿಸಿ ಬಿಟ್ಟಿದ್ದರು. ಧ್ವನಿಮುದ್ರಣವನ್ನು ಮತ್ತೆ ಕೇಳಿದಾಗ ಅದು ಪುನರಾವರ್ತನೆಯಲ್ಲ ಎಂಬುದು ಸ್ಪಷ್ಟವಾಯಿತು. ಮುಂದಿನವರ ಉಸಿರು ತೀರುವ ಮೊದಲೇ ಹಿಂದಿನವರು ಕೊನೆಯ ನಾಲ್ಕೈದು ಅಕ್ಷರಗಳ ಮೇಲೆ ಏರಿ ಸಾಲನ್ನು ತಮ್ಮದಾಗಿಸಿಕೊಂಡು ಮುಗಿಸುತ್ತಾರೆ, ಆ ಬಿಡುವಿನಲ್ಲಿ ಮುಂದಿನವರು ಉಸಿರು ತುಂಬಿಕೊಳ್ಳುತ್ತಾರೆ, ಕಥೆಯ ಮುಂದಿನ ಸಂಗತಿಯನ್ನು ನೆನಪಿಗೆ ತಂದುಕೊಳ್ಳುತ್ತಾರೆ. ಇರುಳಿಡೀ ಹಾಡಬೇಕಾದ ಕಥನವನ್ನು ಒಬ್ಬನ ಗಂಟಲು ಹೊರಲಾರದು. ಸೊಲ್ಲು ಹಿಡಿಯುವವರಿಲ್ಲದೆ ಕಥನವೇ ಇಲ್ಲ. ಕರಡಿನಲ್ಲಿ ಮೊದಲ ಪಿಟೀಲು ನಾಯಕನಾಗಿ, ಉಳಿದವರು ಹಾಸಾಗಿ ಬಿದ್ದುಕೊಂಡಿದ್ದು ಈ ಕಾರಣಕ್ಕೆ ಹಟ್ಟಿಯ ಕಿವಿಗೆ ಅಪೂರ್ಣವಾಗಿ ಕೇಳಿಸಿತ್ತು.

ಪ್ರಯತ್ನಗಳು

ಎರಡನೆಯ ಪ್ರಯತ್ನವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಗಣೆಯ ಮೂಲ ಧ್ವನಿಮುದ್ರಣವನ್ನೇ ವೇದಿಕೆಯಲ್ಲಿ ನುಡಿಸಿ ಅದರ ಸುತ್ತ ಕ್ವಾರ್ಟೆಟ್ ಹೆಣೆಯುವ ಯೋಚನೆ ಬಂತು. ಆಯ್ದ ಭಾಗ ಜುಂಜಪ್ಪನ ಸಾವಿನದು, ಸಂಗೀತದ ದೃಷ್ಟಿಯಿಂದ ಅತ್ಯಂತ ತೀವ್ರವಾದದ್ದು. ಆ ಹಟ್ಟಿಯವರು ಒಪ್ಪಲಿಲ್ಲ. ಆ ಭಾಗವನ್ನು ಎತ್ತಿಕೊಂಡರೆ ಮಂಗಳ ಹಾಡಿಯೇ ಏಳಬೇಕು, ಸಾವಿನಲ್ಲಿ ನಿಲ್ಲಿಸಿ ಎದ್ದು ಹೋಗುವುದು ತಮ್ಮಲ್ಲಿ ಇಲ್ಲ ಎಂದರು. ಕಾನೂನಿನ ಮಾತೂ ಇತ್ತು. ಕಥನಕ್ಕೆ ಒಬ್ಬ ಕರ್ತೃ ಇಲ್ಲದಿರಬಹುದು, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನ ಪ್ರಕಾರ ಹಾಡಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. ಜಾನಪದವೆಂದರೆ ಯಾರೂ ಬಳಸಬಹುದಾದ ಗೋಮಾಳ ಎಂದುಕೊಂಡು ಮೊಬೈಲಿನಲ್ಲಿ ಹಿಡಿದದ್ದನ್ನು ಕೃತಿಯೊಳಗೆ ಸೇರಿಸುವವರು ಈ ಕಲಮನ್ನು ಸಾಮಾನ್ಯವಾಗಿ ಓದಿರುವುದಿಲ್ಲ. ಧ್ವನಿಮುದ್ರಣವನ್ನು ಅಧ್ಯಯನಕ್ಕೆ ಮಾತ್ರ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು, ಒಂದು ಪ್ರತಿಯನ್ನು ಹಟ್ಟಿಗೆ ಕೊಡಲಾಯಿತು.

ಮೂರನೆಯ ಪ್ರಯತ್ನದಲ್ಲಿ ಸಂಯೋಜಕರು ಧಾಟಿಯನ್ನು ಪೂರ್ತಿಯಾಗಿ ಕೈಬಿಟ್ಟು ಸೊಲ್ಲಿನ ಕೊಡುಕೊಳ್ಳುವಿಕೆಯನ್ನೇ ಕೃತಿಯ ಎಲುಬಾಗಿ ಮಾಡಿಕೊಂಡರು. ಇಂಥ ಯೋಚನೆ ಜಗತ್ತಿಗೆ ಹೊಸದಲ್ಲ. ಆಂಡೀಸ್ ಪರ್ವತಸೀಮೆಯ ಕೊಳವೆ ವಾದ್ಯವಾದ ಸಿಕುವಿನಲ್ಲಿ ಒಂದು ಧಾಟಿಯ ಸ್ವರಗಳನ್ನು ಇಬ್ಬರು ಹಂಚಿಕೊಂಡು ಒಬ್ಬರ ಸಂದಿಯಲ್ಲಿ ಇನ್ನೊಬ್ಬರು ಊದುತ್ತಾರೆ. ತಾಯಿಯ ಕಡೆಯಿಂದ ಪೆರುವಿನವರಾದ ಅಮೆರಿಕದ ಸಂಯೋಜಕಿ ಗ್ಯಾಬ್ರಿಯೆಲಾ ಲೀನಾ ಫ್ರಾಂಕ್ 2001ರಲ್ಲಿ ಬರೆದ ಕ್ವಾರ್ಟೆಟ್ ಒಂದರಲ್ಲಿ ಆಂಡೀಸಿನ ಕೊಳಲುಗಳ ಉಸಿರನ್ನು ಕಮಾನಿನ ಕೆಲಸಕ್ಕೆ ಇಳಿಸಿದ್ದಾರೆ. ನಮ್ಮ ಸಂಯೋಜಕರು ಅದನ್ನು ಗಮನವಿಟ್ಟು ಕೇಳಿದರು, ಆದರೆ ಅದರ ಮಾದರಿಯನ್ನು ತಂದುಕೊಳ್ಳಲಿಲ್ಲ. ಅಲ್ಲಿ ಹಂಚಿಕೆಯಾಗುವುದು ಒಂದೊಂದು ಸ್ವರ, ಇಲ್ಲಿ ಸಾಲಿನ ಬಾಲ. ಈ ವ್ಯತ್ಯಾಸವನ್ನು ಮರೆತಿದ್ದರೆ ಶಿರಾ ಸೀಮೆಯ ಹಾಡು ಆಂಡೀಸಿನ ಹಾಡಿನ ನಕಲಾಗುತ್ತಿತ್ತು.

ಕೆಲಸ ನಡೆದ ಬಗೆ ಹೀಗೆ. ಮೊದಲು ತಾಳದ ಗೆರೆಗಳನ್ನು ಅಳಿಸಿದರು. ಒಂದು ಸಾಲೆಂದರೆ ಒಂದು ಕಮಾನು, ಒಂದು ಕಮಾನೆಂದರೆ ಒಂದು ಉಸಿರು ಎಂಬ ಕಟ್ಟಳೆ ಮಾಡಿಕೊಂಡರು. ಸಾಲುಗಳ ಉದ್ದ ಸಮವಿರಲಿಲ್ಲ. ಹಾಗಾದರೆ ಎರಡನೆಯ ಪಿಟೀಲು ಯಾವಾಗ ಏರಬೇಕು? ಎಣಿಸಲು ಮಾತ್ರೆಗಳಿಲ್ಲ, ಕ್ವಾರ್ಟೆಟ್ ಆದ್ದರಿಂದ ಕೋಲು ಬೀಸುವ ನಿರ್ದೇಶಕರೂ ಇಲ್ಲ. ತಾಲೀಮಿನ ಒಂದು ಮಧ್ಯಾಹ್ನ ಎರಡನೆಯ ಪಿಟೀಲಿನವರು ಸ್ವರಲಿಪಿಯಿಂದ ಕಣ್ಣು ತೆಗೆದು ಮೊದಲ ಪಿಟೀಲಿನವರ ಕಮಾನನ್ನೇ ನೋಡತೊಡಗಿದರು. ಕಮಾನು ತುದಿಯ ಕಡೆ ಸಾಗಿ ನಾಲ್ಕು ಬೆರಳಿನಷ್ಟು ಕುದುರೆಕೂದಲು ಉಳಿದಾಗ, ಸದ್ದು ತೆಳುವಾಗುವ ಮೊದಲೇ, ಅವರು ತಮ್ಮ ಕಮಾನಿಟ್ಟು ಅದೇ ಸ್ವರದ ಮೇಲೆ ಏರಿದರು. ಒಂದು ಕ್ಷಣ ಎರಡೂ ವಾದ್ಯಗಳು ಕೂಡಿ ಮೊಳಗಿದವು, ಆಮೇಲೆ ಮೊದಲನೆಯದು ನಿಂತಿತು, ಸಾಲು ಎರಡನೆಯದರಲ್ಲಿ ಮುಗಿಯಿತು. ಕೋಣೆಯಲ್ಲಿದ್ದ ಯಾರೂ ಇದು ಸರಿಯೇ ಎಂದು ಕೇಳಲಿಲ್ಲ. ಸಂಯೋಜಕರು ಆ ಪುಟದ ಅಂಚಿನಲ್ಲಿ "ಎಣಿಸಬೇಡಿ, ಕಮಾನು ನೋಡಿ" ಎಂದು ಬರೆದರು, ಅಚ್ಚಾದ ಸ್ವರಲಿಪಿಯಲ್ಲೂ ಆ ಸೂಚನೆ ಹಾಗೆಯೇ ಇದೆ.

ಗಾಂಧಾರದ ತೊಡಕು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತು. ಷಡ್ಜ ಪಂಚಮಗಳನ್ನು, ಅಂದರೆ ಸ ಮತ್ತು ಪ ಸ್ವರಗಳನ್ನು, ಬಿಟ್ಟರೆ ಯಾವ ಸ್ವರವನ್ನೂ ಇಬ್ಬರು ಕೂಡಿ ಹಿಡಿಯುವಂತಿಲ್ಲ ಎಂದಾಯಿತು, ಸೊಲ್ಲು ಕೈ ಬದಲಾಗುವ ಕ್ಷಣಕ್ಕೆ ಮಾತ್ರ ವಿನಾಯಿತಿ. ಗಾಂಧಾರ ಬಂದಾಗ ಅದನ್ನು ನುಡಿಸುವ ವಾದಕರು ತಮ್ಮ ಕಿವಿಗೆ ಸರಿಕಂಡ ಕಡೆ ಬೆರಳಿಡಬಹುದು, ಇನ್ನೊಬ್ಬರ ಗಾಂಧಾರಕ್ಕೆ ಹೊಂದಿಸಲು ಹೋಗಬಾರದು. ವರ್ಷಗಟ್ಟಲೆ ಒಬ್ಬರ ಸ್ವರಕ್ಕೆ ಇನ್ನೊಬ್ಬರು ಸೇರಿಸಿಯೇ ನುಡಿಸಿದ ವಾದಕರಿಗೆ ಇದು ಒಗ್ಗಲಿಲ್ಲ. ಚೆಲ್ಲೊ ವಾದಕರಂತೂ ಇದನ್ನು ಅಪಸ್ವರಕ್ಕೆ ಕೊಟ್ಟ ಪರವಾನಗಿ ಎಂದರು. ಅವರ ಆಕ್ಷೇಪಕ್ಕೆ ತೂಕವಿತ್ತು, ಏಕೆಂದರೆ ಬೇಕಾದ ಹಾಗೆ ನುಡಿಸುವುದಕ್ಕೂ ತನ್ನ ಜಾಗವನ್ನು ಗಟ್ಟಿಯಾಗಿ ಹಿಡಿಯುವುದಕ್ಕೂ ಅಂತರವಿದೆ, ಅದನ್ನು ಬರವಣಿಗೆಯಲ್ಲಿ ಸೂಚಿಸಲು ಬರುವುದಿಲ್ಲ. ಕೊನೆಗೆ ನಾಲ್ವರೂ ಹಟ್ಟಿಗೆ ಹೋಗಿ ಎರಡು ಗಣೆಗಳನ್ನು ಒಂದರ ಹಿಂದೆ ಒಂದು ಕೇಳಿ ಬಂದ ಮೇಲೆ ಆ ಜಗಳ ತಾನಾಗಿ ತಣ್ಣಗಾಯಿತು.

ಗಣೆಯ ನಾದವನ್ನು ಅನುಕರಿಸಬಾರದು, ಆದರೆ ಅದರ ಗುಣವನ್ನು ಬಿಡಲೂಬಾರದು ಎಂಬುದು ಇನ್ನೊಂದು ನಿರ್ಧಾರ. ಉದ್ದನೆಯ ಕೊಳವೆಯಲ್ಲಿ ಊದಿನ ಒತ್ತಡ ಏರಿದಂತೆ ಮೂಲಸ್ವರ ಬಿಟ್ಟು ಅದರೊಳಗೇ ಅಡಗಿರುವ ಮೇಲಿನ ಅನುಸ್ವರಗಳು (ಹಾರ್ಮೋನಿಕ್‌ಗಳು) ಎದ್ದು ಬರುತ್ತವೆ. ತಂತಿಯಲ್ಲೂ ಅದೇ ಸರಣಿ ಇದೆ: ತಂತಿಯನ್ನು ಒತ್ತದೆ ಅರ್ಧದಲ್ಲಿ ಸೋಕಿದರೆ ಮೇಲಿನ ಷಡ್ಜ, ಮೂರರಲ್ಲೊಂದು ಭಾಗದಲ್ಲಿ ಸೋಕಿದರೆ ಅದರ ಮೇಲಿನ ಪಂಚಮ. ವಯೋಲಾದ ದಪ್ಪ ತಂತಿಯ ಮೇಲೆ ಕಮಾನನ್ನು ಬೆರಳಹಲಗೆಯ ಕಡೆಗೆ ಸರಿಸಿ ಹಗುರವಾಗಿ ಎಳೆದಾಗ ಸ್ವರದ ಜೊತೆ ಗಾಳಿಯಂಥ ಸದ್ದು ಬಂತು. ಮೊದಲ ಪಿಟೀಲಿನ ಬದಲು ವಯೋಲಾವನ್ನು ಕೃತಿಯ ಮುಂದಾಳಾಗಿ ಮಾಡುವುದಕ್ಕೆ ಇದೇ ಕಾರಣವಾಯಿತು, ನನ್ನ ಮಟ್ಟಿಗೆ ಇಡೀ ಕೃತಿಯಲ್ಲಿ ಅತ್ಯಂತ ಸರಿಯಾದ ನಿರ್ಧಾರ ಅದೇ.

ಹೆಸರಿನ ಪ್ರಶ್ನೆ

ಸಂಗೀತ ಸಿದ್ಧವಾದ ಮೇಲೆ ಗಲಾಟೆಯಾದದ್ದು ಕಾರ್ಯಕ್ರಮದ ಕೈಪಿಡಿಗೆ. ಅದನ್ನು ಬರೆದವರು, ಕೇಳುಗರಿಗೆ ಸುಲಭವಾಗಲೆಂದು, ದನ ಕಾಯುವ ಕೊಳಲುಗಾರನಾದ ಜುಂಜಪ್ಪನನ್ನು ಕೃಷ್ಣನ ಜಾನಪದ ರೂಪ ಎಂದು ಬಣ್ಣಿಸಿದ್ದರು. ಕರಡನ್ನು ಹಟ್ಟಿಯಲ್ಲಿ ಓದಿ ಹೇಳಿದಾಗ ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿಯೊಬ್ಬರು ಮೊದಲು ತಡೆದರು: "ನಮ್ಮಪ್ಪ ಶಿವನ ಕಡೆಯೋನು ಕಣಪ್ಪ. ಅವನಿಗ್ಯಾಕೆ ಇನ್ನೊಬ್ಬರ ಹೆಸರು?" ಚಳ್ಳಕೆರೆ ಸೀಮೆಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯಂಥವರು ಸಾವಿರಾರು ಪದಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದ ಸಮುದಾಯವಿದು. ಗಣೆ ಗಂಡಸರ ಕೈಯಲ್ಲಿ ಕಾಣಿಸಿದರೂ ಕಥೆ ಹೆಂಗಸರ ಬಾಯಲ್ಲೂ ಅಷ್ಟೇ ಭದ್ರವಾಗಿದೆ ಎಂಬುದು ಅಂದು ತಾಲೀಮಿನವರಿಗೆಲ್ಲ ಮನವರಿಕೆಯಾಯಿತು.

ಈ ಆಕ್ಷೇಪವನ್ನು ಬರಿಯ ಭಕ್ತಿಯ ಮಾತೆಂದು ತೆಗೆದುಕೊಳ್ಳುವಂತಿಲ್ಲ. ಕಾಡುಗೊಲ್ಲರು ತಮ್ಮನ್ನು ಪ್ರತ್ಯೇಕ ಬುಡಕಟ್ಟೆಂದು ಗುರುತಿಸಿ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಬಹುಕಾಲದಿಂದ ಕೇಳುತ್ತಿದ್ದಾರೆ; ದಾಖಲೆಗಳಲ್ಲಿ ಗೊಲ್ಲ ಎಂಬ ದೊಡ್ಡ ಹೆಸರಿನೊಳಗೆ ತಮ್ಮ ಹೆಸರು ಕರಗಿಹೋಗುವುದು ಅವರ ದಿನನಿತ್ಯದ ಕೊರಗು. ಅಂಥವರ ದೈವವನ್ನು ಎಲ್ಲರಿಗೂ ಪರಿಚಿತನಾದ ದೇವರ ನೆರಳಾಗಿ ತೋರಿಸಿದರೆ ಅದೇ ಕರಗುವಿಕೆ ಸಂಗೀತದ ಹೆಸರಿನಲ್ಲೂ ನಡೆದಂತೆ. ಹೋಲಿಕೆಯನ್ನು ತೆಗೆಯಲಾಯಿತು, ಕಾಡುಗೊಲ್ಲ ಎಂಬ ಹೆಸರನ್ನು ಮೊದಲ ಸಾಲಿನಲ್ಲೇ ಅಚ್ಚು ಮಾಡಲಾಯಿತು. ಕೃತಿಗೆ ಜುಂಜಪ್ಪನ ಹೆಸರಿಡುವ ಯೋಚನೆಯನ್ನೂ ಸಂಯೋಜಕರು ಬಿಟ್ಟರು. ಇಡೀ ಕಥನವನ್ನು ಹೇಳದ ಕೃತಿಗೆ ಅವನ ಹೆಸರು ಸಲ್ಲದು ಎಂದು ಅವರಿಗೇ ಅನ್ನಿಸಿತ್ತು. ದನದ ರೊಪ್ಪದಲ್ಲಿ ಕಳೆಯುವ ಒಂದು ಕಾವಲಿನ ರಾತ್ರಿಯಷ್ಟೇ ಕೃತಿಯ ವಸ್ತು ಎಂದಾಯಿತು. ಸಾವಿನ ಭಾಗ ಅದರಲ್ಲಿ ಇಲ್ಲ.

ಏನಾಯಿತು

ಮೊದಲ ಪ್ರದರ್ಶನ ಹಟ್ಟಿಯಲ್ಲಿ ನಡೆಯಿತು, ಸಂಗೀತದ ಮಟ್ಟಿಗೆ ಅದು ಅರೆಬರೆ. ಕೋಣೆಯೊಳಗೆ ಕೇಳಲೆಂದು ಹುಟ್ಟಿದ ಪ್ರಕಾರವನ್ನು ಬಯಲಲ್ಲಿ ನುಡಿಸಿದರೆ ಗಾಳಿಯ ಪಾಲಾಗುತ್ತದೆ. ಕಮಾನಿನ ಹಗುರ ಕೆಲಸವೆಲ್ಲ ಮೂರನೆಯ ಸಾಲಿನವರಿಗೇ ಕೇಳಿಸಲಿಲ್ಲ. ನಡುವೆ ನಿಲ್ಲಿಸಿ ಶಾಲೆಯ ಜಗಲಿಗೆ ಹೋಗಬೇಕಾಯಿತು. ಕೆಲವರು ಎದ್ದು ಹೋದರು, ಉಳಿದವರಲ್ಲಿ ಗಣೆಗಾರರು ವಯೋಲಾದ ಭಾಗವನ್ನು ಇನ್ನೊಮ್ಮೆ ನುಡಿಸಲು ಹೇಳಿದರು. ಕೇಳಿ ಮುಗಿದ ಮೇಲೆ ಅವರು ಹೊಗಳಲಿಲ್ಲ. ಎರಡು ಕಡೆ ಸೊಲ್ಲು ತಡವಾಗಿ ಏರುತ್ತದೆ ಎಂದು ತೋರಿಸಿಕೊಟ್ಟರು, ಅವೆರಡನ್ನೂ ತಿದ್ದಲಾಯಿತು.

ಎರಡನೆಯ ಪ್ರದರ್ಶನ ನಡೆದ ತುಮಕೂರಿನ ಸಭಾಂಗಣದಲ್ಲಿ ಗಣೆಗಾರರು ಮೊದಲು ತಮ್ಮ ತಂಡದೊಂದಿಗೆ ಹಾಡಿದರು, ಅವರು ವೇದಿಕೆ ಬಿಟ್ಟಿಳಿದ ಮೇಲೆ ಕ್ವಾರ್ಟೆಟ್ ಬಂತು. ಎರಡನ್ನೂ ಒಟ್ಟಿಗೆ ನುಡಿಸಬೇಕೆಂಬ ಒತ್ತಾಯ ಸಂಘಟಕರಿಂದ ಕೊನೆಯವರೆಗೂ ಇತ್ತು, ಅಂಥ ಕೂಡುವಿಕೆ ಚಿತ್ರಕ್ಕೂ ಸುದ್ದಿಗೂ ಚೆನ್ನಾಗಿರುತ್ತದೆ ನಿಜ. ಸಂಯೋಜಕರು ಒಪ್ಪಲಿಲ್ಲ. ಗಣೆಯನ್ನು ಕ್ವಾರ್ಟೆಟ್‌ನ ಐದನೆಯ ವಾದ್ಯವಾಗಿ ಕೂರಿಸಿದರೆ ಯಾರ ಶ್ರುತಿಗೆ ಯಾರು ಹೊಂದಿಕೊಳ್ಳಬೇಕೆಂಬ ಪ್ರಶ್ನೆ ಏಳುತ್ತದೆ, ವೇದಿಕೆಯ ಮೇಲೆ ಅದರ ಉತ್ತರ ಯಾವಾಗಲೂ ಗಣೆಯ ವಿರುದ್ಧವೇ ಆಗುತ್ತದೆ ಎಂಬುದು ಅವರ ವಾದ. ಸಂಗೀತಸಭೆಗಳಿಗೆ ಹೋಗಿ ಪಳಗಿದ ಕೇಳುಗರಲ್ಲಿ ಕೆಲವರು ಇದು ಯಾವ ರಾಗವೆಂದು ಕೇಳಿದರು, ಕೆಲವರಿಗೆ ಕೃತಿ ಒಣಗಿದಂತೆ ಕಂಡಿತು. ಸಂಭಾವನೆಯನ್ನು ಗಣೆಗಾರರ ತಂಡಕ್ಕೂ ಕ್ವಾರ್ಟೆಟ್‌ನವರಿಗೂ ತಲೆಗೆ ಒಂದೇ ದರದಲ್ಲಿ ಕೊಡಲಾಯಿತು.

ಇಂಥ ಕೆಲಸಕ್ಕೆ ಕೈಹಾಕುವವರು ಗಮನಿಸಬೇಕಾದದ್ದು, ಈ ಪ್ರಕರಣದ ಪ್ರತಿಯೊಂದು ತಿರುವೂ ಹಟ್ಟಿಯವರು ಕರಡನ್ನು ಕೇಳಿದಾಗ ಇಲ್ಲವೇ ಓದಿಸಿಕೊಂಡಾಗ ಬಂದಿದೆ ಎಂಬುದನ್ನು. ಮುಗಿದ ಕೃತಿಯನ್ನು ಒಪ್ಪಿಗೆಗೆಂದು ಒಯ್ದಿದ್ದರೆ ಅವರು ಹೂಂ ಎಂದು ಕಳಿಸುತ್ತಿದ್ದರೇ ಹೊರತು ಸೊಲ್ಲು ಹಿಡಿಯುವವರ ಮಾತು ಬರುತ್ತಿರಲಿಲ್ಲ. ತಿದ್ದಬಹುದಾದ ಹಂತದಲ್ಲಿ ಕೇಳಿಸಿದ್ದರಿಂದಲೇ ಅವರ ಕಿವಿ ಸಂಯೋಜನೆಯ ಭಾಗವಾಯಿತು. ಇನ್ನೊಂದು ಸಂಗತಿ, ಪುರಾಣದಿಂದ ಏನನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಮೊದಲೇ ಗೊತ್ತಾದದ್ದು ಕೃತಿಗೆ ಲಾಭವಾಯಿತು. ಸಾವಿನ ತೀವ್ರತೆ ಕೈತಪ್ಪಿದ ಮೇಲೆ ಸಂಯೋಜಕರು ಸಣ್ಣ ಸಂಗತಿಗಳ ಕಡೆ, ಉಸಿರಿನ ಕಡೆ, ಕಾಯುವಿಕೆಯ ಕಡೆ ತಿರುಗಬೇಕಾಯಿತು, ಕೃತಿಯ ಒಳ್ಳೆಯ ಪುಟಗಳೆಲ್ಲ ಅಲ್ಲಿವೆ.

ಬಗೆಹರಿಯದ ವಿಷಯವೂ ಒಂದಿದೆ. ಕೃತಿಯ ಮುಂದಿನ ಪ್ರದರ್ಶನಗಳಿಂದ ಬರುವ ಹಣದ ಒಂದು ಪಾಲು ಹಟ್ಟಿಯ ದೇವರ ಮನೆಗೆ ಸೇರಬೇಕೆಂದು ಬರೆದುಕೊಂಡ ಮೇಲೆ, ಅದೇ ಕಥನವನ್ನು ಹಾಡುವ ಪಕ್ಕದ ಹಟ್ಟಿಯವರು ತಮ್ಮ ಪಾಲೇನೆಂದು ಕೇಳಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಎರಡೂ ಹಟ್ಟಿಗಳ ಯಜಮಾನರು ಕೂತು ಮಾತನಾಡುವವರೆಗೆ ಆ ಹಣವನ್ನು ಬೇರೆ ಖಾತೆಯಲ್ಲಿ ಇಡಲಾಗಿದೆ. ಈ ನಡುವೆ ಕೋಲಾರದ ವಾದ್ಯತಂಡವೊಂದು ವಯೋಲಾ ವಾದಕರು ಸಿಗದ ಕಾರಣ ಆ ಭಾಗವನ್ನು ಕೊಳಲಿನಲ್ಲಿ ನುಡಿಸಲು ಅನುಮತಿ ಕೋರಿತ್ತು. ಕೊಳಲು ಬಂದರೆ ಕೃಷ್ಣನೂ ಹಿಂದೆಯೇ ಬರುತ್ತಾನೆ ಎಂದು ಸಂಯೋಜಕರು ನಿರಾಕರಿಸಿದರು. ವಯೋಲಾ ಸಿಗದಿದ್ದರೆ ಆ ಭಾಗವನ್ನು ಚೆಲ್ಲೊದಲ್ಲಿ ನುಡಿಸಬಹುದೆಂದು ಸ್ವರಲಿಪಿಯ ಪರ್ಯಾಯ ಪುಟವೊಂದನ್ನು ಬರೆದು ಕಳಿಸಿದ್ದಾರೆ.